ಖೇಪು

ಕತ್ತಿ ಅಂದ್ರ ಯುದ್ಧದ್ದಲ್ರೀ, ಕಿವಿ ಇರೋದು.
ಇದರ ಹೆಸರು ದಿವಾನ.
ಹಿಂದ ನಿಂದರಬ್ಯಾಡ್ರಿ. ಬೂಟಿನ ದಾರ ಬಿಗೀರಿ.
ಕೈಯಾಗ ಒಂದು ನೀರಿನ ಬಾಟ್ಲಿ ಸಾಕು,
ಉಳಿದದ್ದೆಲ್ಲಾ ಇದರ ಬೆನ್ನಿಗೆ:
ಡೇರೆ, ಜಮಖಾನ, ಸೂಸಲದ ಡಬ್ಬಿ,
ಅಕ್ಕೋರ ಆ ಮೂರು ಕಾಲಿನ ಕ್ಯಾಮೆರಾ ಸ್ಟ್ಯಾಂಡು.
ನಾ ಸಾಯಬಣ್ಣ. ಶಹಾಪುರ ಗುಡ್ಡದ ಬುಡಕ್ಕ
ವಡ್ಡರ ಓಣ್ಯಾಗ ನಮ್ಮ ಮನಿ.

ಊರು ಇನ್ನಾ ಮಲಗ್ಯಾದ.
ಗುಡ್ಡನೂ ಮಲಗ್ಯಾದ.
ರಸ್ತಾದಾಗ ನಿಂತವರು ಬುದ್ಧ ಅಂತಾರ,
ಅದೋ ಹಣಿ, ಅದೋ ಮೂಗು, ಗದ್ದ, ಎದಿ ಅಂತ
ಗಾಳ್ಯಾಗ ಬಟ್ಟು ಆಡಸ್ತಾರ.
ಹತ್ತಾವರಿಗೆ ಮೂಗು ಕಾಣಂಗಿಲ್ಲ.
ಹತ್ತಾವರಿಗೆ ಮುಂದಿನ ಕಲ್ಲು, ಅದರ ಮುಂದಿನ ಕಲ್ಲು,
ಮತ್ತ ಕತ್ತಿಯ ಬಾಲ.

ಎತ್ತರ ಎಷ್ಟು ಅಂತ ಕೇಳಬ್ಯಾಡ್ರಿ,
ಮೊಣಕಾಲು ತಾನೇ ಹೇಳ್ತದ.

ಸೀತಾಫಲದ ಗಿಡದ ಬುಡಕ್ಕ ದಮ್ಮು ಹಿಡಕೊಳ್ತಾ
ನಫೀಸಾ ಅಕ್ಕೋರು ಫೋನ್ ತೆಗೆದು ತೋರಿಸಿದ್ರು
(ಕಲಬುರಗಿ ದವಾಖಾನ್ಯಾಗ ನರ್ಸು,
ರಾತ್ರಿ ಪಾಳಿ ಮುಗಿಸಿ ಸೀದಾ ಬಂದವರು).
ಎಲ್ಲೋ ಹಿಮದ ಪರ್ವತದಾಗ ಲಾಮಾ ಅಂತ ಪ್ರಾಣಿ.
ಒಂಟಿಯ ಕುತ್ತಿಗಿ, ಕುರಿಯ ಮೈ,
ಕಣ್ಣು ಮಾತ್ರ ಮದುಮಗಳದ್ದು.
ಅದೂ ಹಿಂಗೇ ಮಂದಿಯ ಸಾಮಾನು ಹೊತ್ತು ನಡೀತದಂತ,
ಸಿಟ್ಟು ಬಂದ್ರ ಉಗುಳ್ತದಂತ,
ಭಾರ ಹೆಚ್ಚಾದ್ರ ನಡು ಹಾದ್ಯಾಗ ಕುಂತೇ ಬಿಡ್ತದಂತ.

ನಾ ದಿವಾನನ ಕಿವ್ಯಾಗ ಹೇಳಿದೆ:
ಕೇಳಿದೇನು? ಕುಂದ್ರಲಿಕ್ಕೂ ಬರ್ತದಂತ.
ಹತ್ತೊಂಬತ್ತು ವರ್ಷ ಆತು,
ನಿನಗ ಯಾರೂ ಹೇಳೇ ಇಲ್ಲ ನೋಡು.

ಇಲ್ಲಿ ನಿಲ್ರಿ. ನಾ ಅನ್ನೋ ಮೊದಲೇ ಅದು ನಿಂತದ.
ದಿನಾ ಇದೇ ತಿರುವು, ಇದೇ ಬೋಳು ಬಂಡಿ.
ಜಗ್ಗಬ್ಯಾಡ್ರಿ, ಬರೂದಿಲ್ಲ.
ಒಬ್ಬರಿಗೆ ಹೇಳ್ತೀನಿ, ಚಿರತಿ ವಾಸನಿ ಹತ್ಯಾದ ಅಂತ.
ಒಬ್ಬರಿಗೆ, ಫೋಟೋ ತೆಗೀಲಿಕ್ಕ ಛಲೋ ಜಾಗ ಅಂತ.
ನಿಜ ಹೇಳಿದ್ರ ರೊಕ್ಕ ಬರೂದಿಲ್ಲ,
ಖರೇ, ಅಕ್ಕೋರು ಬಾಯಿ ಮುಚಗೊಂಡು ಕಾದರು,
ಅದಕ್ಕ ಹೇಳಿದೆ.

ಇಲ್ಲೇ ಖಣಿ ಇತ್ತು.
ಇಲ್ಲೇ ಮುನ್ಶಿ ಕುಂದರ್ತಿದ್ದ, ತೊಡಿ ನಡುವ ಡಾಲ್ಡಾ ಡಬ್ಬಿ.
ಕಲ್ಲು ಹೊತ್ತ ಕತ್ತಿ ಎದುರಿಗೆ ಬಂದು ನಿಂತರ
ಹುಣಸಿ ಬೀಜ ಒಂದು, ಡಬ್ಬ್ಯಾಗ, ಟಣ್.
ಒಂದು ಖೇಪು.
ಟಣ್ ಅಂದ ಮ್ಯಾಲೇ ಇಳೀಬೇಕು.
ಸಂಜೀಕ ಅಪ್ಪನ ಬಾಯಿಲೆಕ್ಕ ಇಪ್ಪತ್ತು,
ಡಬ್ಬಿಯ ಲೆಕ್ಕ ಹದಿನೇಳು.
ದಿನಾ ಹದಿನೇಳೇ ಖರೇ ಆಗೋದು.

ಖಣಿ ಮುಚ್ಚಿ ಹನ್ನೊಂದು ವರ್ಷ.
ಬಾಕಿ ಪಗಾರದ ಬದ್ಲಿ ಅಪ್ಪ
ಆ ಡಬ್ಬಿ ಎತಗೊಂಡು ಬಂದ.
ಅವ್ವ ಅದನ್ನ ನೋಡಿ ನಕ್ಕಳು, ಆಮ್ಯಾಲ
ಮೂರು ದಿನ ಮಾತಾಡಲಿಲ್ಲ.

ಚೀಲದಾಗಿಂದ ಡಬ್ಬಿ ತೆಗೆದೆ.
ಹಸಿರು ಗಿಡದ ಚಿತ್ರ ತುಕ್ಕಿನಾಗ ಕರಗ್ಯಾದ.
ಬೀಜ ಅಕ್ಕೋರ ಅಂಗೈಯಾಗ ಇಟ್ಟೆ.
ರಾತ್ರಿಯೆಲ್ಲಾ ಮಂದಿಯ ನಾಡಿ ಎಣಿಸಿದ ಬಟ್ಟು,
ಒಂದು ಗಳಿಗಿ ತಡದು
ಬಿಟ್ಟಿತು.

ಟಣ್.

ದಿವಾನ ಕಿವಿ ಒಮ್ಮೆ ಝಾಡಿಸಿ ಹೊಂಟಿತು,
ಕೆಳಗಲ್ಲ, ಮ್ಯಾಲಕ್ಕ.
ಅಷ್ಟು ಮಾತ್ರ ಹೊಸಾದು ಕಲಿಸೀನಿ ನಾ.

ಮ್ಯಾಲ ಏನದ ಅಂತ ಏನು ಹೇಳಲಿ.
ಬಿಸಲು ಬಂತು. ಕೌಜುಗ ಕೂಗಿದವು.
ಕೆರಿ ಒಂದು ತಾಟಿನಂಗ ಹೊಳೀತು.
ಸೂಸಲಕ್ಕ ಖಾರ ಜಾಸ್ತಿ ಆಗಿತ್ತು,
ಎಲ್ಲಾರೂ ಮೂಗು ಒರಸ್ಕೋತ ತಿಂದರು.
ದಿವಾನನ ಬೆನ್ನಿಗೆ ತಲಿ ಆನಿಸಿ
ಅಕ್ಕೋರು ನಿಂತಲ್ಲೇ ಒಂದು ಜೋಂಪು ತೆಗದರು.
ಅದು ಮಿಸುಕಲಿಲ್ಲ.

ಇಳಿದು ಬಂದು, ಬೇವಿನ ಬುಡಕ್ಕ ಭಾರ ಇಳಿಸಿದೆ.
ಹಗ್ಗದ ಗುರುತಿಗೆ ಕೊಬ್ಬರಿ ಎಣ್ಣಿ ಸವರಿದೆ,
ಹಸಿ ಮೇವು ಹಾಕಿದೆ.
ಅಕ್ಕೋರು ಫೋನಿನಾಗೇ ರೊಕ್ಕ ಹಾಕಿದ್ರು,
ಪೂರ್ತಾ, ಮ್ಯಾಲ ಐವತ್ತು.
ನನ್ನ ಕಿಸೆದಾಗ ಫೋನು
ಟಣ್ ಅಂತು.

ದಿವಾನ ಬಾಯಾಗಿನ ಹುಲ್ಲು ಬಿಟ್ಟು,
ಬರಿ ಬೆನ್ನಿಲೆ,
ತಿರುಗಿ ಗುಡ್ಡದ ಕಡಿ ಹೊಂಟಿತು.